ಅಂಚು

ನಾಲ್ಕೂವರೆಗೆ ನಲ್ಲಿ ಕೆಮ್ಮಿತು.
ಒಂಬತ್ತು ದಿನಕ್ಕೆ ಬಂದ ನೀರು.
ಪ್ರಾರ್ಥನೆಗೆ ಅಂತ ಎದ್ದವಳು
ಕೊಡ ಹಿಡಿದು ಓಣಿಗೆ ಓಡಿದೆ.
ಕ್ಷಮಿಸಪ್ಪಾ, ಮೊದಲು ನೀರು.
ಬಾವಿಕಟ್ಟೆಯ ಮೇಲೆ ಕೂತು
ಒಬ್ಬ ಹೆಂಗಸಿನ ಹತ್ತಿರ ನೀರು ಕೇಳಿದವನು,
ನಿನಗೆ ತಿಳಿಯದ್ದೇನಲ್ಲ.

ಡ್ರಮ್ಮು ತುಂಬುವಷ್ಟರಲ್ಲಿ
ಶಂಷಾದ್ ಇಪ್ಪತ್ತು ಡಜನ್ ಪ್ಯಾಂಟಿನ ಮೂಟೆ
ಬಾಗಿಲಲ್ಲಿ ಇಳಿಸಿ ಅಂದಳು:
"ದೀನಕ್ಕಾ, ಸಂಜೆ ಆರಕ್ಕೆ ಗಾಡಿ."
ಜೇಬು ಒಬ್ಬರದು, ಜಿಪ್ಪು ಒಬ್ಬರದು,
ಸೊಂಟದ ಪಟ್ಟಿ ಹಿಂದಿನ ಓಣಿಯವರದು.
ಪೂರ್ತಿ ಒಂದು ಪ್ಯಾಂಟು ಹೊಲಿದವರು
ನಮ್ಮ ಕೌಲ್ ಬಜಾರಿನಲ್ಲಿ ಯಾರಿದ್ದಾರೋ, ನಾನು ಕಾಣೆ.
ನನ್ನದು ಅಂಚು.
ಒಂದು ಕಾಲಿಗೆ ಒಂದು ರೂಪಾಯಿ.

ಇವತ್ತು ಓದಿದ ಭಾಗದಲ್ಲಿ
ಆ ಹೆಂಗಸು ಮತ್ತೆ ಬಂದಳು.
ಹನ್ನೆರಡು ವರ್ಷ ರಕ್ತ ಹರಿದು,
ಇದ್ದಬದ್ದದ್ದೆಲ್ಲ ವೈದ್ಯರಿಗೆ ಸುರಿದು,
ಗದ್ದಲದೊಳಗೆ ಹಿಂದಿನಿಂದ ನುಸುಳಿ
ನಿನ್ನ ಬಟ್ಟೆಯ ಅಂಚು ಮುಟ್ಟಿದವಳು.
ಪಾಸ್ಟರು ಅವಳ ನಂಬಿಕೆಯ ಮಾತು ಹೇಳುತ್ತಾರೆ.
ಹೇಳಲಿ, ಸರಿಯೇ.
ನನ್ನ ಪ್ರಶ್ನೆ ಬೇರೆ:
ಆ ಅಂಚು ಹೊಲಿದವರು ಯಾರು?
ನಿನ್ನ ತಾಯಿಯೋ?
ದೀಪದ ಎಣ್ಣೆ ತೀರುವ ಮೊದಲು ಮುಗಿಯಲಿ ಅಂತ
ಬಗ್ಗಿ ಕೂತ ನನ್ನಂಥ ಯಾವಳೋ?
ದಾರ ಸಡಿಲ ಬಿಟ್ಟಿದ್ದರೆ
ಆ ಬೆರಳಿಗೆ ಏನು ಸಿಗುತ್ತಿತ್ತು?
ನಗಬೇಡ.
ಹೇಗೂ ವಾಸಿ ಮಾಡುತ್ತಿದ್ದೆ, ಗೊತ್ತು.
ಆದರೂ, ತನ್ನ ಹೊಲಿಗೆಯವರೆಗೆ ಯಾರ ಕೈ ಬಂತೆಂದು
ಹೊಲಿದವಳಿಗೆ ಯಾರೂ ಹೇಳಲಿಲ್ಲವಲ್ಲ.

ನನ್ನ ತಂಗಿ ಮಾರ್ಥಮ್ಮನೂ ಕೈ ಚಾಚಿದ್ದಳು,
ದೊಡ್ಡಾಸ್ಪತ್ರೆಯ ಮೂರನೇ ವಾರ್ಡಿನಲ್ಲಿ.
ಚಾಚಿದ ಕೈಯನ್ನು ನಾನೇ ಮಡಚಿ ಎದೆಯ ಮೇಲಿಟ್ಟೆ.
ಆ ಲೆಕ್ಕ ನಮ್ಮಿಬ್ಬರ ನಡುವೆ ಹಾಗೇ ಇದೆ.
ದಿನಾ ಬೆಳಿಗ್ಗೆ ಆ ಪುಟ ತೆಗೆಯುತ್ತೇನೆ,
ನೋಡುತ್ತೇನೆ, ಮುಚ್ಚುತ್ತೇನೆ.
ನಿನ್ನ ಹತ್ತಿರ ಬರುವುದು ಬಿಟ್ಟಿಲ್ಲ, ಅಷ್ಟೇ.

ಅರ್ಧ ತಾಸಾದರೂ ಮೊಣಕಾಲೂರಬೇಕಂತೆ.
ನೋಡು, ಮಷೀನಿನ ಕೆಳಗೆ ಒಂದು ಸನ್ನೆ.
ಬಲ ಮೊಣಕಾಲಿನಿಂದ ಒತ್ತಿದರೆ
ಬಟ್ಟೆಯನ್ನು ಅದುಮಿಟ್ಟ ಪಾದ ಮೇಲೇಳುತ್ತದೆ.
ಒತ್ತು, ತಿರುಗಿಸು, ಬಿಡು.
ನಾನೂರ ಎಂಬತ್ತು ಸಲ.
ಪ್ರತಿ ಸಲಕ್ಕೂ ಒಂದು ಹೆಸರು:
ಶಂಷಾದಳ ಮಗಳ ಹತ್ತನೇ ತರಗತಿ,
ವಾಷಿಂಗಿನಲ್ಲಿ ಮೊಣಕೈತನಕ ನೀಲಿಯಾದ ಹುಡುಗ ಅಬ್ನೇರ,
ಎರಡು ತಿಂಗಳ ಬಾಕಿ ಕೊಡದ ಸಾಹುಕಾರ.
ಅವನ ಹೆಸರು ಬಂದಾಗ ಮಾತ್ರ
ಹೊಲಿಗೆ ಸೊಟ್ಟಗಾಗುತ್ತದೆ, ಬಿಚ್ಚಿ
ಮತ್ತೆ ಹೊಲಿಯಬೇಕು,
ಮತ್ತೆ ಅವನ ಹೆಸರು ಹೇಳಬೇಕು.

ಎರಡೂವರೆಗೆ ಕರೆಂಟು ಹೋಯಿತು.
ಓಣಿಯ ಮಷೀನೆಲ್ಲ ಒಮ್ಮೆಲೇ ಸುಮ್ಮನಾದವು.
ಕಿಟಕಿಯಾಚೆ ಕೋಟೆಗುಡ್ಡ
ಬಾಣಲೆಯ ಹಾಗೆ ಕಾದು ಕೂತಿತ್ತು.
ಕೈ ಜೋಡಿಸಿದೆ. ಎರಡೂ ಅಂಗೈ ನೀಲಿ.
ಭಾನುವಾರ ರೊಟ್ಟಿ ಮುರಿದು ಕೊಟ್ಟಾಗ
ಆ ತುಣುಕಿಗೂ ಒಂದಿಷ್ಟು ನೀಲಿ ಹತ್ತುತ್ತದೆ.
ಹಾಗೇ ತಿನ್ನುತ್ತೇನೆ.

ನಿನ್ನ ಒಳಂಗಿಗೆ ಹೊಲಿಗೆಯೇ ಇರಲಿಲ್ಲವಂತೆ,
ಮೇಲಿಂದ ಕೆಳತನಕ ಒಂದೇ ನೇಯ್ಗೆ.
ಹಾಗಾದರೆ ಅಲ್ಲಿ ನನಗೆ ಕೆಲಸವಿಲ್ಲ.
ಸಿಪಾಯಿಗಳು ಅದನ್ನು ಹರಿಯದೆ ಚೀಟಿ ಹಾಕಿದರಲ್ಲ,
ಕರುಣೆಗಲ್ಲ ಅದು; ಬಟ್ಟೆಯ ರೇಟು ಬಲ್ಲವರು.
ನಾವೂ ಬಲ್ಲೆವು.

ಐದಕ್ಕೆ ಕರೆಂಟು ಬಂತು. ಆರಕ್ಕೆ ಗಾಡಿ.
ನಲವತ್ತು ಪ್ಯಾಂಟು ಉಳಿದವು.
ಶಂಷಾದ್ ಬೈಯಲಿಲ್ಲ, ನಿಟ್ಟುಸಿರಿಟ್ಟಳು;
ಬೈದಿದ್ದರೇ ಚೆನ್ನಾಗಿತ್ತು.
ಮೂಟೆ ಎತ್ತುವ ಮೊದಲು
ಮೇಲಿದ್ದ ಒಂದರ ಅಂಚನ್ನು
ಎರಡು ಬೆರಳಲ್ಲಿ ಹಿಡಿದು ಎಳೆದೆ.
ಬಿಚ್ಚಲಿಲ್ಲ.
ಯಾವ ಊರಿಗೋ, ಯಾರ ಕಾಲಿಗೋ.
ಧೂಳು ಮೊದಲು ಮುಟ್ಟುವುದು ಅದನ್ನೇ.
"ಏನು ನೋಡ್ತಿ?" ಅಂದಳು.
ಏನಿಲ್ಲ ಅಂದೆ.