ಬೇಚಿರಾಕು

ಮಂಡ್ಯ ಅಂದರೆ ಕಾಲುವೆ, ಕಬ್ಬು, ಆಲೆಮನೆ ಹೊಗೆ
ಅಂದುಕೊಂಡವರು ನಾಗಮಂಗಲ ದಾಟಿ
ಇನ್ನಷ್ಟು ಬಡಗಲಿಗೆ ಬರಬೇಕು.
ನೀರು ಏರಲಾರದೆ ನಿಂತ ಕಡೆಯಿಂದ
ನಮ್ಮ ಪಂಚಾಯಿತಿ ಶುರು.

ದೊಡ್ಡ ಪಂಚಾಯಿತಿಯೇ.
ಈ ಗಡಿಯಲ್ಲಿ ಬಸ್ಸು ಹಾರ್ನ್ ಹೊಡೆದರೆ
ಆ ಗಡಿ ಮುಟ್ಟುವ ಮೊದಲೇ ಗಾಳಿ ಅದನ್ನು ತಿಂದು ಮುಗಿಸುತ್ತದೆ.
ಹನ್ನೊಂದು ಊರು, ಎರಡು ಹಿಟ್ಟಿನ ಗಿರಣಿ,
ನನ್ನ ಶಾಲೆಯಲ್ಲಿ ಒಂಬತ್ತು ಮಕ್ಕಳು
(ಜ್ವರದ ಕಾಲಕ್ಕೆ ಆರು).
ಮಿಕ್ಕಿದ್ದೆಲ್ಲ ಕಾವಲು.
ಬಾದೆ ಹುಲ್ಲು, ಗರಿಕೆ,
ಪಂಚೆಯಂಚು ಹಿಡಿದು ಮನೆತನಕ ಬರುವ ಅಂಟುಪುರಲೆ.
ಆಕಾಶಕ್ಕೆ ಒರಗಲು ಒಂದು ಗೋಡೆಯೂ ಇಲ್ಲ.

ಜನಗಣತಿಗೆ ನನ್ನನ್ನು ಹಾಕಿದರು.
ಪಟ್ಟಿಯ ಕೊನೆಯ ಹೆಸರು ಮುತ್ತುಗದಕೊಪ್ಪಲು.
ನಕ್ಷೆಯಲ್ಲಿ ಎಲ್ಲೆ ಉಂಟು, ಸರ್ವೆ ನಂಬರು ಉಂಟು,
ಮುಂದೆ ಒಂದೇ ಮಾತು: ಬೇಚಿರಾಕು.
ತಾಲ್ಲೂಕು ಕಚೇರಿಯ ಖಲಂದರ್ ಸಾಬರು
ಟೀ ಊದಿಕೊಳ್ಳುತ್ತ ಬಿಡಿಸಿ ಹೇಳಿದರು:
'ಚಿರಾಗ್ ಅಂದರೆ ದೀಪ ಮೇಷ್ಟ್ರೆ. ಬೇ ಅಂದರೆ ಇಲ್ಲ.
ದೀಪ ಹಚ್ಚೋರಿಲ್ಲದ ಊರು.
ನೀವು ಹೋಗೋದೇ ಬೇಡ, ಕೂತಲ್ಲೇ ಸೊನ್ನೆ ಬರೀರಿ.'

ಯಾಕೆ ಬಿಟ್ಟರೋ.
ಪ್ಲೇಗು ಅನ್ನುತ್ತಾರೆ ಒಬ್ಬರು, ಬಾವಿಯ ನೀರು ಕಹಿಯಾಯಿತು ಇನ್ನೊಬ್ಬರು.
ನನ್ನ ಶಾಲೆಯ ಅಡುಗೆಯ ಕೆಂಪಾಜಮ್ಮ ಮಾತ್ರ
'ಮಾತಾಡಕ್ಕೆ ಜನ ಸಾಲ್ದೆ ಹೋದ್ರು ಕಣ್ ಸಾ' ಎಂದು
ಸೊಪ್ಪು ಸೋಸುತ್ತಲೇ ಇದ್ದಳು.

ಫೆಬ್ರವರಿ ಇಪ್ಪತ್ತೆಂಟು.
ಮನೆಯಿಲ್ಲದವರನ್ನು ಎಣಿಸುವ ರಾತ್ರಿ.
ನಮ್ಮಲ್ಲಿ ಅಂಥವರು ಯಾರು? ಆದರೂ ಹೊರಟೆ,
ಟಿವಿಎಸ್ಸು, ಮಂಗನ ಟೋಪಿ, ಚೀಲದಲ್ಲಿ ನಮೂನೆಗಳು.
ಕಾವಲಿನ ನಡುವೆ ಎಂಜಿನ್ನು ನಿಲ್ಲಿಸಿದೆ, ಯಾಕೋ ಗೊತ್ತಿಲ್ಲ.
ಕಿವಿಗೆ ನನ್ನ ರಕ್ತವೇ ಕೇಳುವಷ್ಟು ಮೌನ.
ಆಮೇಲೆ ಒಂದು ಕೆಮ್ಮು.
ಮನುಷ್ಯನದಲ್ಲ, ಕುರಿಯದು.

ಮುತ್ತುಗದ ಕೊಂಬೆಗೆ ಟಾರ್ಚು ನೇತುಹಾಕಿತ್ತು.
ಹಳೆಯ ಪಾಯದ ಕಲ್ಲುಗಳ ನಡುವೆ ಬಲೆ ಕಟ್ಟಿ
ಮಂದೆ ಮಲಗಿಸಿದ್ದರು,
ಯಾರದೋ ನಡುಮನೆಯಲ್ಲಿ, ಯಾರದೋ ಅಡುಗೆ ಕೋಣೆಯಲ್ಲಿ
ಮೆಲುಕು ಹಾಕುತ್ತಿದ್ದವು.
ಮುದುಕ, ಸೊಸೆ, ಒಬ್ಬ ಹುಡುಗ.

'ಹೆಸರು?'
'ಕರಿಬೀರ.'
'ವಯಸ್ಸು?'
'ಆ ದೊಡ್ಕೆರೆ ಒಡೆದಾಗ ಮರಿ ಮೇಯಿಸ್ತಿದ್ದೆ. ನೀವೇ ಲೆಕ್ಕ ಹಾಕ್ಕಳಿ.'
'ಯಾವೂರು?'
ಅವನು ಸುತ್ತ ನೋಡಿದ. ಅವಸರವಿಲ್ಲದೆ.
'ಈವತ್ತು ಇದೇಯ.'

'ಒಟ್ಟು ಎಷ್ಟು ಜನ?'
'ನೂರಾ ನಲವತ್ತೆರಡು' ಎಂದ.
ಸೊಸೆ ನಕ್ಕಳು: 'ಮಾವ, ಕುರಿ ಅಲ್ಲ, ನಾವು.'
'ನಾವಾ? ನಾವು ಮೂರೇ.'
ನಾಯಿ ಬಾಲದಿಂದ ನೆಲ ಬಡಿಯಿತು.
ಅದಕ್ಕೆ ಕಾಲಮ್ಮಿರಲಿಲ್ಲ.

ಚಳಿಗೆ ಪೆನ್ನು ಕಚ್ಚಿಕೊಂಡಿತು.
ಆಕೆ ಟಾರ್ಚು ಬಿಚ್ಚಿ ತಂದು ಕಾಗದದ ಮೇಲೆ ಹಿಡಿದಳು;
ಅಂಗೈಯಲ್ಲಿ ಉಗುರಿ ಉಗುರಿ ಕೊನೆಗೂ ಮೂಡಿಸಿದೆ,
ಮೂರು.
ಒಂದು ಲೋಟ ಹಾಲು ಕೊಟ್ಟರು. ಹೊಗೆಯ ವಾಸನೆ, ಉಣ್ಣೆಯ ಎಳೆ.
ಕುಡಿದೆ.

ಮಾರನೆ ದಿನ ಆ ದಾರಿಯಲ್ಲೇ ಬಂದೆ.
ಹಿಕ್ಕೆ, ಬೂದಿ, ಮಲಗಿದ ಹುಲ್ಲು
ಒಂದೊಂದೇ ಎಸಳು ಮೇಲೇಳುತ್ತಿತ್ತು.

ವಾರದ ಮೇಲೆ ಖಲಂದರ್ ಸಾಬರ ಫೋನು.
'ಮೇಷ್ಟ್ರೆ, ಕಂಪ್ಯೂಟರು ಒಪ್ಪುತ್ತಿಲ್ಲ.
ಬೇಚಿರಾಕಿನಲ್ಲಿ ಮೂರು ಜನ ಎಲ್ಲಿಂದ ಬಂದರು?
ಸೊನ್ನೆ ಮಾಡಲಾ?'
'ಸಾಬರೆ, ಆವತ್ತು ರಾತ್ರಿ ದೀಪ ಇತ್ತು.'

ಆ ಕಡೆ ಸುಮ್ಮನಾಯಿತು.
'ಎಣ್ಣೆಯದೋ?'
'ಅಲ್ಲ, ಟಾರ್ಚು. ನೀಲಿ ಬೆಳಕಿನದು.'

ಕಾದೆ.
ಫೋನಿನೊಳಗೆ
ಬಿಸಿ ಟೀ ಊದುವ ಸದ್ದು.