ಗಲ್ಲದ ಅಳತೆ

ನಾನಾ ಪೇಠದ ಈ ಓಣಿಯಲ್ಲಿ
ಒಂದು ಬದಿಗೆ ಸೈಲೆನ್ಸರು, ಒಂದು ಬದಿಗೆ ಸೀಟು ಕವರು,
ನಡುವೆ ನಮ್ಮದು ತಲೆಗಳ ಅಂಗಡಿ.
ಮೊಳೆಗೆ ತೂಗುಹಾಕಿದ ಎಂಬತ್ತು ಹೆಲ್ಮೆಟ್ಟು.
ಬೆಳಿಗ್ಗೆ ಧೂಳು ಹೊಡೆಯುವಾಗ ಒಳಗೆ ಯಾರೂ ಇರುವುದಿಲ್ಲ,
ಆದರೂ ಮೆಲ್ಲಗೇ ಹೊಡೆಯುತ್ತೇನೆ.

ಗಿರಾಕಿಗಳು ಚಿಪ್ಪು ನೋಡಿ ಕೊಳ್ಳುತ್ತಾರೆ:
ಹುಲಿ, ಬೆಂಕಿ, ತಲೆಬುರುಡೆ
(ಬುರುಡೆಯ ಮೇಲೆ ಇನ್ನೊಂದು ಬುರುಡೆ ಯಾಕೋ!)
ನನ್ನ ಕೆಲಸ ಒಳಗಿನದು.
ಇಪ್ಪತ್ತು, ಇಪ್ಪತ್ತೈದು, ಮೂವತ್ತು, ಮೂವತ್ತೈದು
ಮಿಲಿಮೀಟರ್ ದಪ್ಪದ ಮೆತ್ತೆ.
ಮಾಲೀಕರು ಚೀಕ್ ಪ್ಯಾಡ್ ಅನ್ನುತ್ತಾರೆ, ಹುಡುಗರು ಗಾದಿ ಅನ್ನುತ್ತಾರೆ,
ನಾನು ಸೊಲ್ಲಾಪುರದವಳು,
ಮನಸ್ಸಿನಲ್ಲೇ ಗಲ್ಲದ ದಿಂಬು ಅಂದುಕೊಳ್ಳುತ್ತೇನೆ.
ಊರಲ್ಲಿ ಪರಗಂಡಸಿನ ಗಲ್ಲ ಮುಟ್ಟಿದ್ದರೆ ಪಂಚಾಯಿತಿ ಕೂರುತ್ತಿತ್ತು.
ಇಲ್ಲಿ ಜಿಎಸ್‌ಟಿ ಸಮೇತ ಬಿಲ್ಲು.

"ಹಾಯಾಗಿದೆ" ಅಂದರೆ ಅದು ದೊಡ್ಡದು.
"ಹಿಂಡುತ್ತದೆ" ಅಂದರೆ ಕನ್ನಡಿ ಹಿಡಿಯುತ್ತೇನೆ.
ಗಲ್ಲ ಉಬ್ಬಿ ತುಟಿ ಮೀನಿನ ಹಾಗಾಗಬೇಕು,
ತಲೆ ಅಲ್ಲಾಡಿಸಿದರೆ ಚರ್ಮವೂ ಜೊತೆಗೆ ಬರಬೇಕು,
ಹಣೆ ನೋಯಬಾರದು, ಕಿವಿ ಮಡಚಬಾರದು.
ಕೊನೆಗೊಂದು ಪರೀಕ್ಷೆ, ಯಾವ ಕಂಪನಿಯೂ ಬರೆದದ್ದಲ್ಲ, ನನ್ನದೇ:
ನಿಮ್ಮ ಹೆಸರು ಹೇಳಿ.
ಸ್ವಚ್ಛವಾಗಿ ಬಂದರೆ ಸಡಿಲ.

ಮಂಗಳವಾರ ಶಿದೋರೆ ಕಾಕಾ ಬಂದರು,
ಕೆಂಪು ಹೆಲ್ಮೆಟ್ಟನ್ನು ಕುಂಬಳಕಾಯಿಯಂತೆ ತಬ್ಬಿಕೊಂಡು.
"ಮೂರು ವರ್ಷದಲ್ಲಿ ಇದು ಬೆಳೆದಿದೆ."
ಹಾಕಿಸಿ ನೋಡಿದೆ.
ಗಲ್ಲದ ಪಕ್ಕ ನನ್ನ ಎರಡು ಬೆರಳು
ಖಾಲಿ ಬಸ್ಸು ಹತ್ತಿದ ಹಾಗೆ ಹತ್ತಿ ಕೂತವು.
ಕಾತ್ರಜ್ ಘಾಟಿನ ಗಾಳಿಗೆ ಕಣ್ಣಿನ ಮೇಲೆ ಜಾರುತ್ತದಂತೆ,
ಎಡಗೈಯಲ್ಲಿ ಎತ್ತಿ ಹಿಡಿದೇ ಗಾಡಿ ಓಡಿಸುತ್ತಾರಂತೆ,
ಎದುರು ಬಂದ ಲಾರಿಯವರು
ಯಾರೋ ಪರಿಚಯದವರೆಂದು ತಿರುಗಿ ಸಲಾಮು ಹೊಡೆಯುತ್ತಾರಂತೆ.

"ಹೆಲ್ಮೆಟ್ಟು ಬೆಳೆಯುವುದಿಲ್ಲ, ಕಾಕಾ.
ಮೆತ್ತೆ ಸ್ವಲ್ಪ ಕೂತಿದೆ. ಉಳಿದದ್ದು..."
ನಾನು ಅಲ್ಲಿಗೇ ನಿಲ್ಲಿಸಿದೆ.
ಅವರು ಜೇಬಿನಿಂದ ಗುಲಾಬಿ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟರು.
ಒಳಗೆ ಕಟ್ಟಿಸಿದ ಹಲ್ಲು, ಎರಡು ಸಾಲು,
ಅಂಗಡಿಯಲ್ಲಿ ಆಗ ನಗುತ್ತಿದ್ದದ್ದು ಅವಷ್ಟೇ.
"ಘಾಟಿನಲ್ಲಿ ಒಮ್ಮೆ ಸೀನಿದೆ. ಗಾಜು ಎತ್ತಿತ್ತು.
ಅರ್ಧ ಗಂಟೆ ಹುಲ್ಲಿನಲ್ಲಿ ಹುಡುಕಿದೆ.
ಆಮೇಲೆ ಗಾಡಿ ಮೇಲೆ ಹಾಕುವುದಿಲ್ಲ."

ಈಗ ಯಾವ ಮುಖಕ್ಕೆ ಅಳತೆ?
ಮದುವೆಮನೆಯ ಮುಖಕ್ಕೋ, ಘಾಟಿನ ಮುಖಕ್ಕೋ?
ಹಲ್ಲು ಹಾಕಿಸಿ ಇಪ್ಪತ್ತೈದು: ಸರಿ.
ತೆಗೆಸಿ ಇಪ್ಪತ್ತೈದು: ಗಂಟೆಯೊಳಗಿನ ನಾಲಗೆ.
ಗುಂಡಿ ಬಿಚ್ಚು, ಗುಂಡಿ ಒತ್ತು, ಟಪ್ ಟಪ್ ಟಪ್.
ಮೂವತ್ತು: ಬಲಕ್ಕೆ ಒಪ್ಪಿತು, ಎಡಕ್ಕೆ ಇಲ್ಲ.
ಬಲಗಡೆ ದವಡೆಯಲ್ಲಿ
ಸ್ವಂತದ್ದು ಇನ್ನೂ ಎರಡು ಉಳಿದಿವೆಯಂತೆ,
ಆ ಎರಡು ಎಷ್ಟು ಜಾಗ ಹಿಡಿದುಕೊಂಡು ನಿಂತಿವೆ!

ಎಡಕ್ಕೆ ಮೂವತ್ತೈದು ಬೇಕು.
ಜೋಡಿ ಮುರಿದು ಮಾರುವ ಪದ್ಧತಿ ಇಲ್ಲ.
ಮಾಲೀಕರು ಊಟಕ್ಕೆ ಹೋಗಿದ್ದರು.
ಪೊಟ್ಟಣ ಒಡೆದೆ.

"ಹೆಸರು ಹೇಳಿ, ಕಾಕಾ."
ಒಳಗಿನಿಂದ ಬಂದದ್ದು ಶಿದೋರೆಯಲ್ಲ,
ಕುಕ್ಕರು ಸೀಟಿ ಹಾಕುವ ಮುಂಚಿನ ಸದ್ದು.
ತಲೆ ಅಲ್ಲಾಡಿಸಿದರು; ಎಲ್ಲವೂ ಒಟ್ಟಿಗೇ ಅಲ್ಲಾಡಿತು.
ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು
ಓಣಿ ತಿರುಗಿದರು,
ಗುಲಾಬಿ ಡಬ್ಬಿ ಎದೆಯ ಜೇಬಿನಲ್ಲಿ.

ಉಳಿದವು ಎರಡು: ಎಡದ ಮೂವತ್ತು, ಬಲದ ಮೂವತ್ತೈದು.
ರಬ್ಬರ್ ಬ್ಯಾಂಡು ಸುತ್ತಿ ಡ್ರಾಯರಿನಲ್ಲಿ ಇಟ್ಟಿದ್ದೇನೆ.
ಮಾಲೀಕರು ಕೇಳಿದರೆ ಹೇಳಬೇಕು:
ಪುಣೆ ದೊಡ್ಡ ಊರು,
ಬಲಗಡೆಯದು ಉದುರಿಸಿಕೊಂಡವರು
ಒಬ್ಬರಾದರೂ ಬಾರದೆ ಇರುತ್ತಾರೆಯೇ.