ಒಂದು ಕೂದಲೆಳೆ ಆಚೆ

ಐವತ್ತೆಂಟು ದಿನ ಬೆಟ್ಟದ ಬೆನ್ನ ಹಿಂದಿದ್ದವನು
ಇವತ್ತು ಬರುತ್ತಾನೆ, ಹನ್ನೊಂದು ನಿಮಿಷಕ್ಕೆ,
ಮೋಡ ಅಡ್ಡಬರದಿದ್ದರೆ.
ಐಸ್‌ಲ್ಯಾಂಡಿನ ಈ ಫ್ಯೋರ್ಡಿನಲ್ಲಿ ಮನೆಮನೆಯಲ್ಲೂ ಕಾವಲಿ ಕಾದಿದೆ,
ತೆಳ್ಳನೆ ಪ್ಯಾನ್‌ಕೇಕು, ಸಕ್ಕರೆ, ಸೂರ್ಯನ ಹೆಸರಿನ ಕಾಫಿ.
ನಾನು ಮಾತ್ರ ಹಿತ್ತಲ ಹಿಮ ಗೋರಿ
ದೂರದರ್ಶಕದ ಮುಕ್ಕಾಲಿಗೆ ಮೂರು ಹಲಗೆ ಹಾಸಿದ್ದೇನೆ.

ಬೋಗ್ನಾ ಬಂದಳು, ಪಕ್ಕದ ಮನೆಯ ಪೋಲಿಷ್ ಹುಡುಗಿ,
ತಾಯಿಯ ಮೀನು ಕಾರ್ಖಾನೆಯ ಗಂಬೂಟು ತೊಟ್ಟು.
"ಸ್ಟೇನ್ವೋರ್ ಅಜ್ಜಿ, ಇಣುಕದೆ ಗುರಿ ಹಿಡಿಯೋದು ಹೇಗೆ?"
ಸೂರ್ಯನನ್ನು ಹುಡುಕುವುದು ಸೂರ್ಯನಿಗೆ ಬೆನ್ನು ಹಾಕಿ, ಮಗೂ.
ಕೊಳವೆಯ ಹಿಂದಿನ ರಟ್ಟಿನ ಮೇಲೆ ಅದರ ನೆರಳು ನೋಡು.
ಉದ್ದವಿದ್ದದ್ದು ಗಿಡ್ಡವಾಗಿ, ಗಿಡ್ಡವಿದ್ದದ್ದು ದುಂಡಗಾಗಿ
ಇನ್ನು ಕುಗ್ಗಲಾರೆ ಅಂದಾಗ
ನಿಲ್ಲಿಸು.

ಬಂದ.
ಬೆಟ್ಟದ ಹೆಗಲ ಮೇಲೆ ಮೊದಲು ಒಂದು ಚೂರು. ಊರೆಲ್ಲ ಕೂಗಿತು,
ನಾಯಿಗಳೂ.
ನಾನು ಕಪ್ಪು ಬಟ್ಟೆ ತಲೆಗೆಳೆದುಕೊಂಡೆ.

ಕೆಂಪು. ಬೋಗ್ನಾಳ ಮನೆಯ ಬೀಟ್‌ರೂಟ್ ಸಾರಿನ ಹಾಗೆ
ತಳ ಕಾಣದ ಕೆಂಪು.
ಅಂಚು ಕುದಿಯುತ್ತಿದೆ. ಇಷ್ಟು ಕೆಳಗಿನ ಸೂರ್ಯನನ್ನು ನೋಡುವುದೆಂದರೆ
ಕಾದ ಕಾವಲಿಯಾಚೆ ಹಿಡಿದ ಕಾಗದ ಓದಿದ ಹಾಗೆ.
ಫೋಕಸ್ ಒಳಗೆ, ತುಸು ಹೊರಗೆ, ಮತ್ತೆ ಒಳಗೆ.
ಆಮೇಲೆ ಉಂಗುರ. ಎಲ್ಲ ಇರುವುದು ಈ ಉಂಗುರದಲ್ಲಿ.
ಜಲಜನಕ ಪಿಸುಗುಡುವುದು ಒಂದೇ ಒಂದು ಕೆಂಪಿನಲ್ಲಿ,
ಅದರ ಅತ್ತ ಇತ್ತ ಬರೀ ಬೆಳಕಿನ ಗದ್ದಲ.
ಕೈಗವಸು ಕಳಚಿ ತಿರುಗಿಸಿದೆ,
ಬೆರಳ ತುದಿಯ ಚರ್ಮಕ್ಕೆ ಮಾತ್ರ ಗೊತ್ತಾಗುವಷ್ಟು.
ನುಣ್ಣಗಿದ್ದ ತಟ್ಟೆಯ ಮೈಯೆಲ್ಲ ರೋಮ ಎದ್ದಿತು,
ನಡುವೆ ಒಂದು ಕರಿ ಎಳೆ,
ಬಲೆಯಿಂದ ಯಾರೋ ಕಿತ್ತೆಸೆದ ದಾರ.

ಇಪ್ಪತ್ತೊಂಬತ್ತು ವರ್ಷ ಇದೇ ನನ್ನ ಕೆಲಸ:
ಕರಾವಳಿಯ ರೇಡಿಯೊ ಕೋಣೆಯಲ್ಲಿ ಗುಂಡಿ ತಿರುವುತ್ತ
ಗೊರಗೊರದೊಳಗಿಂದ ಗಂಡಸರ ದನಿ ಹೆಕ್ಕುವುದು.

ಆರನೆಯ ನಿಮಿಷ. ಬೋಗ್ನಾಳ ಸರದಿ.
"ಹೋಯ್ತು," ಅಂದಳು.
"ದಾರ ಇತ್ತಲ್ಲ, ಮಾಸಿ ಮಾಸಿ ಈಗ ಇಲ್ಲವೇ ಇಲ್ಲ."
ಹೋಗಿಲ್ಲ. ಹೊರಟಿದೆ.
ಹೊರಟದ್ದು ತನ್ನ ಬಣ್ಣದಲ್ಲಿ ನಿಲ್ಲುವುದಿಲ್ಲ,
ನಮ್ಮತ್ತ ಬರುತ್ತಿದ್ದರೆ ನೀಲಿಯ ಕಡೆ ಸರಿಯುತ್ತದೆ, ಒಂದು ಕೂದಲೆಳೆ.
ನಡುವಿನಲ್ಲೇ ಹುಡುಕಿದರೆ ನಿಂತದ್ದಷ್ಟೇ ಸಿಗುತ್ತದೆ.
ಉಂಗುರ ತಿರುಗಿಸು. ಇನ್ನೂ. ಸಾಕು.

ಬಟ್ಟೆಯೊಳಗಿಂದ ಉಸಿರಿನ ಸದ್ದು ಮಾತ್ರ. ಆಮೇಲೆ:
"ಇದೆ. ಕಮಾನಿನ ಹಾಗೆ ಬಾಗಿದೆ. ಅಜ್ಜಿ, ಬರ್ತಾ ಇದೆ."

ಅವಳಿಗೆ ಹೇಳದೆ ಉಳಿಸಿಕೊಂಡದ್ದು:
ಲೋವಾ ಅಂತ ಒಂದು ದೋಣಿ, ಐದು ಜನ, ಫೆಬ್ರವರಿ.
ಆ ರಾತ್ರಿ ಕಿವಿಗೆ ಬಿದ್ದದ್ದು ಬಾತುಕೋಳಿಯ ಗಕ್ ಗಕ್.
ಅಲೆ ಜಾರಿದ ಸೆಟ್ಟಿನಲ್ಲಿ ಮನುಷ್ಯರ ದನಿ ಹಾಗಾಗುತ್ತದೆ,
ಗೊತ್ತಿತ್ತು.
ಯಾವುದೋ ಪರದೇಶದ ಹಡಗಿರಬೇಕು ಅಂದುಕೊಂಡೆ.
ಒಂದು ಕೈಯಲ್ಲಿ ಕಾಫಿ ಲೋಟ.
ಗುಂಡಿ ನಡುವಿನಲ್ಲೇ ಇತ್ತು, ನಿಯಮದ ಪ್ರಕಾರ, ನೆಟ್ಟಗೆ.
ವಿಚಾರಣೆಯವರು ಬರೆದರು:
ಆಪರೇಟರ್ ಸರಿಯಾದ ಚಾನೆಲ್ಲಿನಲ್ಲೇ ಇದ್ದರು.

ಸರಿಯಾದ.

ಹತ್ತನೆಯ ನಿಮಿಷ. ಬೆಟ್ಟ ಅವನನ್ನು ಅರ್ಧ ನುಂಗಿದೆ,
ಇನ್ನರ್ಧ ಅಂಚಿಗೆ ಉಗುರೂರಿ ನಿಂತಂತಿದೆ.
ಹನ್ನೊಂದು.
ಹಿಮದ ಮೇಲಿನ ಗುಲಾಬಿ ನನ್ನ ಕಾಲ ಬುಡದಿಂದ ಸರಿದು
ನೀರು ದಾಟಿ ಎದುರಿನ ದಂಡೆ ಹತ್ತಿತು.
ಯಾರದೋ ಅಡುಗೆಮನೆಯಲ್ಲಿ ಚಪ್ಪಾಳೆ. ಕಿಟಕಿ ಮುಚ್ಚಿದ ಸದ್ದು.

ಮುಗೀತು, ಬಾ, ಪ್ಯಾನ್‌ಕೇಕು ಆರಿಹೋಗುತ್ತೆ ಅಂದೆ.
ಅವಳು ಕದಲಲಿಲ್ಲ.
ಬಟ್ಟೆಯೊಳಗಿನ ಆ ಕತ್ತಲಲ್ಲಿ
ಬೆರಳು ಇನ್ನೂ ಉಂಗುರದ ಮೇಲೆ.
"ತಾಳು," ಅಂದಳು, "ಇನ್ನೊಂಚೂರು ಆಚೆ ನೋಡ್ತೀನಿ."

ತಾಳಿದೆ.